ಬೇಸಿಗೆಯಲ್ಲಿ ಚಾರ್ಟರ್ ಬೋಟ್: ಲೇಕ್ ಈರಿಯ ವಾಲೈಗೆ ಹೋಗೋದಾ, ಲೇಕ್ ಮಿಷಿಗನ್‌ನ ಸಾಲ್ಮನ್‌ಗೆ ಹೋಗೋದಾ?

ಗಂಗೊಳ್ಳಿ ಹುಡುಗ

ಎಲ್ಲರಿಗೂ ನಮಸ್ಕಾರ. ನಾವಿರುವುದು ಡೆಟ್ರಾಯ್ಟ್ ಪಕ್ಕದ ಒಂದು ಊರಿನಲ್ಲಿ. ಜುಲೈನಲ್ಲಿ ಅಪ್ಪಯ್ಯ, ಅಮ್ಮ ಊರಿಂದ ಬರುತ್ತಿದ್ದಾರೆ. ಅಪ್ಪಯ್ಯ ಗಂಗೊಳ್ಳಿಯಲ್ಲಿ ಜೀವಮಾನವಿಡೀ ಕಡಲಿಗೆ ಹೋದವರು. ಮೊದಲು ನಾಡದೋಣಿ, ಆಮೇಲೆ ದೊಡ್ಡ ಬೋಟು. ಈಗ ಮೊಣಕಾಲು ನೋವು, ಹಾಗಾಗಿ ದಡದಲ್ಲೇ ಇದ್ದಾರೆ. ಇಲ್ಲಿ ಮಾಲ್ ಸುತ್ತಿಸಿದರೆ ಅವರಿಗೆ ಬೇಜಾರು. ಫೋನಿನಲ್ಲಿ ಕೇಳುವುದೂ ಇಷ್ಟೇ: "ಅಲ್ಲಿ ಯಾವ ಮೀನು ಸಿಗುತ್ತದೆ ಮಾರಾಯ? ಹೇಗೆ ಹಿಡಿಯುತ್ತಾರೆ?"

ಅದಕ್ಕೆ ಒಂದು ದಿನ ಚಾರ್ಟರ್ ಬೋಟ್ (ಕ್ಯಾಪ್ಟನ್ ಸಮೇತ ಬಾಡಿಗೆಗೆ ಸಿಗುವ ಮೀನು ಹಿಡಿಯುವ ಬೋಟು) ಮಾಡಿಕೊಂಡು ಎಲ್ಲರೂ ಹೋಗೋಣ ಅಂತಿದ್ದೇನೆ. ಅಪ್ಪಯ್ಯ, ಅಮ್ಮ, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ನಾನು. ಆಫೀಸಿನಲ್ಲಿ ಒಬ್ಬರು ಲೇಕ್ ಈರಿಗೆ ಹೋಗಿ ವಾಲೈ ಅನ್ನುವ ಸಿಹಿನೀರಿನ ಮೀನು ಹಿಡಿಯಿರಿ ಅನ್ನುತ್ತಾರೆ. ಇನ್ನೊಬ್ಬರು ಲೇಕ್ ಮಿಷಿಗನ್‌ನ ಸಾಲ್ಮನ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಎರಡೂ ಕಡೆ ಹೋದವರು ದಯವಿಟ್ಟು ಹೇಳಿ. ಲೈಸೆನ್ಸ್, ಖರ್ಚು, ಅಲೆ, ಮಗಳ ಸುರಕ್ಷತೆ, ಹಿಡಿದ ಮೀನು ತಿನ್ನಬಹುದಾ ಇಲ್ಲವಾ, ನನಗೆ ಏನೂ ಗೊತ್ತಿಲ್ಲ.

ಈರಿ ದಡದವಳು

ನಾವು ಒಹಾಯೊದಲ್ಲಿ, ಸ್ಯಾಂಡಸ್ಕಿ ಹತ್ತಿರ ಇದ್ದೇವೆ. ನನ್ನ ಮಟ್ಟಿಗೆ ಪ್ರಶ್ನೆಯೇ ಇಲ್ಲ, ಮಗು ಮತ್ತು ವಯಸ್ಸಾದವರು ಜೊತೆಗಿದ್ದರೆ ಈರಿಗೇ ಬನ್ನಿ.

ಕಾರಣ ಹೇಳುತ್ತೇನೆ. ಅಮೆರಿಕ-ಕೆನಡಾ ಗಡಿಯ ಕಡೆಯ ಐದು ಮಹಾಸರೋವರಗಳಲ್ಲಿ ಈರಿಯೇ ಎಲ್ಲಕ್ಕಿಂತ ಆಳ ಕಡಿಮೆ. ಸರಾಸರಿ 19 ಮೀಟರ್ ಅಷ್ಟೇ. ನಮ್ಮ ಪಶ್ಚಿಮ ಭಾಗದಲ್ಲಂತೂ ಸರಾಸರಿ 7-8 ಮೀಟರ್. ನೀರು ಬೇಗ ಬೆಚ್ಚಗಾಗುತ್ತದೆ, ಮೀನಿಗೆ ಮೇವು ಜಾಸ್ತಿ. ಮಾರ್ಚ್, ಏಪ್ರಿಲ್‌ನಲ್ಲಿ ವಾಲೈಗಳು ಮೌಮಿ, ಸ್ಯಾಂಡಸ್ಕಿ ನದಿಗಳಿಗೂ ಸರೋವರದೊಳಗಿನ ಕಲ್ಲುಬಂಡೆಗಳಿಗೂ ಬಂದು ಮೊಟ್ಟೆ ಇಡುತ್ತವೆ. ಬೇಸಿಗೆ ಏರಿದಂತೆ ದೊಡ್ಡ ಮೀನುಗಳು ತಂಪು ನೀರು ಹುಡುಕಿಕೊಂಡು ಪೂರ್ವಕ್ಕೆ, ಕ್ಲೀವ್‌ಲ್ಯಾಂಡ್ ಕಡೆಗೂ ಅದಕ್ಕೂ ಆಚೆಗೂ ಸರಿಯುತ್ತವೆ. ಆದರೆ ಜುಲೈನಲ್ಲೂ ಪಶ್ಚಿಮದಲ್ಲಿ ಉಳಿದುಕೊಳ್ಳುವ ಮೀನು ಬೇಕಾದಷ್ಟಿರುತ್ತದೆ. ಪೋರ್ಟ್ ಕ್ಲಿಂಟನ್ ಊರಿನವರು ತಮ್ಮದು ಪ್ರಪಂಚದ ವಾಲೈ ರಾಜಧಾನಿ ಅಂತಲೇ ಹೇಳಿಕೊಳ್ಳುತ್ತಾರೆ. ಹೊಸ ವರ್ಷದ ರಾತ್ರಿ ಅಲ್ಲಿ ದೊಡ್ಡದೊಂದು ಫೈಬರ್‌ಗ್ಲಾಸ್ ವಾಲೈಯನ್ನು ಮೇಲಿಂದ ಇಳಿಸಿ ಸಂಭ್ರಮಪಡುತ್ತಾರೆ.

2003, 2015, 2018, 2021ರಲ್ಲಿ ಮರಿಗಳು ತುಂಬಾ ಚೆನ್ನಾಗಿ ಉಳಿದುಕೊಂಡವು. ಆ ಫಸಲನ್ನೇ ಈಗಲೂ ಹಿಡಿಯುತ್ತಿದ್ದೇವೆ. ಹಾಗಾಗಿ ಬರಿಗೈಲಿ ವಾಪಸ್ ಬರುವ ಸಾಧ್ಯತೆ ಕಡಿಮೆ. ಮಕ್ಕಳಿಗೆ ಇದೇ ಮುಖ್ಯ ಅಲ್ವಾ? ಗಂಟೆಗಟ್ಟಲೆ ಕಾದು ಏನೂ ಸಿಗದಿದ್ದರೆ ಮಗು ಮತ್ತೆ ಬೋಟ್ ಹತ್ತಲು ಒಪ್ಪುವುದಿಲ್ಲ.

ಅಲೆಯ ವಿಷಯದಲ್ಲಿ ಮಾತ್ರ ಈರಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಳ ಕಡಿಮೆ ಇರುವುದರಿಂದ ಗಾಳಿ ಎದ್ದ ಸ್ವಲ್ಪ ಹೊತ್ತಿಗೇ ಅಲೆ ಏಳುತ್ತದೆ. ಒಂದರ ಹಿಂದೆ ಒಂದು, ನಡುವೆ ಬಿಡುವೇ ಇರುವುದಿಲ್ಲ. ಮೂರು ಅಡಿ ಅಲೆಯೂ ಮೈ ಕುಲುಕಿಸಿಬಿಡುತ್ತದೆ. ಗಾಳಿ ಜಾಸ್ತಿ ಅಂತ ಕ್ಯಾಪ್ಟನ್ ಬುಕಿಂಗ್ ರದ್ದು ಮಾಡಿದರೆ ವಾದ ಮಾಡಬೇಡಿ. ಅಂಥವರೇ ಒಳ್ಳೆಯ ಕ್ಯಾಪ್ಟನ್.

ಲಡಿಂಗ್ಟನ್ ಬೆಳಗು

ಅಕ್ಕ ಹೇಳಿದ್ದೆಲ್ಲ ನಿಜ. ಆದರೂ ನಾನು ಸಾಲ್ಮನ್ ಪರ ಮಾತಾಡುತ್ತೇನೆ.

ಚಿನೂಕ್ ಸಾಲ್ಮನ್, ಇಲ್ಲಿನವರ ಬಾಯಲ್ಲಿ 'ಕಿಂಗ್'. ಬೆಳಗಾಗುವ ಮೊದಲೇ ಕತ್ತಲಲ್ಲಿ ಬೋಟ್ ಹೊರಡುತ್ತದೆ. ಹೊಳೆಯುವ ಬಣ್ಣದ ಸ್ಪೂನುಗಳನ್ನು (ಮೀನನ್ನು ಸೆಳೆಯುವ ಚಮಚದಾಕಾರದ ತಗಡು) ದೀಪಕ್ಕೆ ಹಿಡಿದು ನೀರಿಗೆ ಬಿಡುತ್ತಾರೆ. ಆಮೇಲೆ ನಿಧಾನಕ್ಕೆ ಬೋಟ್ ಓಡಿಸುತ್ತಾ ಹತ್ತಾರು ಗಾಳಗಳನ್ನು ಬೇರೆ ಬೇರೆ ಆಳದಲ್ಲಿ ಎಳೆದುಕೊಂಡು ಹೋಗುತ್ತಾರೆ. ಸಾಲ್ಮನ್‌ಗೆ ಬೇಕಾದದ್ದು 10ರಿಂದ 13 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಣ್ಣೀರು. ಬೇಸಿಗೆಯಲ್ಲಿ ಅದು ಕೆಳಗೆ ಇರುತ್ತದೆ. ಭಾರದ ಗುಂಡು ಕಟ್ಟಿದ ತಂತಿಯಿಂದ ಗಾಳವನ್ನು ಅಷ್ಟು ಆಳಕ್ಕೆ ಇಳಿಸುತ್ತಾರೆ, ಅದಕ್ಕೆ ಡೌನ್‌ರಿಗ್ಗರ್ ಅನ್ನುತ್ತಾರೆ. ಮೀನು ಕಚ್ಚಿದ ತಕ್ಷಣ ದಾರ ಕ್ಲಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ, ಬಾಗಿದ್ದ ಕೋಲು ನೆಟ್ಟಗೆ ಚಿಮ್ಮುತ್ತದೆ. ಮುಂದಿನ ಕ್ಷಣಕ್ಕೆ ರೀಲು ಕಿರುಚಿಕೊಂಡು ದಾರ ಹೊರಗೆ ಓಡುತ್ತದೆ. ಒಳ್ಳೆಯ ಕಿಂಗ್ ಆದರೆ ದೊಡ್ಡವರ ಕೈಯೂ ನಡುಗುತ್ತದೆ.

2021ರ ಆಗಸ್ಟ್‌ನಲ್ಲಿ ಲೇಕ್ ಮಿಷಿಗನ್ ದಡದ ಲಡಿಂಗ್ಟನ್ ಹತ್ತಿರ ಒಂದು ಚಾರ್ಟರ್ ಬೋಟಿನಲ್ಲಿದ್ದ ಹತ್ತೊಂಬತ್ತರ ಹುಡುಗ 47.86 ಪೌಂಡಿನ ಚಿನೂಕ್ ಹಿಡಿದ. 1978ರಿಂದ ಇದ್ದ ಮಿಷಿಗನ್ ರಾಜ್ಯದ ದಾಖಲೆ ಅದರಿಂದ ಮುರಿದುಹೋಯಿತು. ದಿನಾ ಅಂಥದ್ದು ಸಿಗುವುದಿಲ್ಲ, ನಿಜ. ಆದರೆ ನಿಮ್ಮ ಅಪ್ಪಯ್ಯನವರು ಕಡಲು ಕಂಡವರು. ಅವರಿಗೆ ದೊಡ್ಡ ಮೀನಿನ ಎಳೆತ ಗೊತ್ತಿರುತ್ತದೆ. ಅದು ಈ ಸಿಹಿನೀರಿನಲ್ಲೂ ಸಿಗುತ್ತದೆ ಅಂತ ತೋರಿಸಬಹುದು.

ಒಂದು ಸಣ್ಣ ವಿಷಯ. ಬೋಟಿಗೆ ಬಾಳೆಹಣ್ಣು ತರಬೇಡಿ. ಅನೇಕ ಕ್ಯಾಪ್ಟನ್‌ಗಳಿಗೆ ಅದು ಅಪಶಕುನ, ಕೆಲವರಂತೂ ವಾಪಸ್ ಕಾರಿನಲ್ಲಿ ಇಟ್ಟು ಬನ್ನಿ ಅಂತಲೇ ಹೇಳುತ್ತಾರೆ. ಅವರ ನಂಬಿಕೆಗೆ ಮರ್ಯಾದೆ ಕೊಡೋಣ.

ಗಂಗೊಳ್ಳಿ ಹುಡುಗ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒಂದು ಸಂಶಯ. ಸಾಲ್ಮನ್ ಅಂದರೆ ಸಮುದ್ರದ ಮೀನು, ಪೆಸಿಫಿಕ್ ಕಡೆಯದು ಅಂತ ಓದಿದ್ದೆ. ಇಲ್ಲಿಗೆ ಹೇಗೆ ಬಂತು? ಅಪ್ಪಯ್ಯ ಖಂಡಿತಾ ಕೇಳುತ್ತಾರೆ.

ಮಿಲ್ವಾಕಿ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು.

ಈ ಸರೋವರಗಳ ಮೂಲ ದೊಡ್ಡ ಮೀನು ಲೇಕ್ ಟ್ರೌಟ್. ನಯಾಗರ ಜಲಪಾತ ಅಡ್ಡ ಇದ್ದುದರಿಂದ ಅಟ್ಲಾಂಟಿಕ್ ಕಡೆಯ ಜೀವಿಗಳು ಮೇಲಿನ ಸರೋವರಗಳಿಗೆ ಬರಲು ದಾರಿ ಇರಲಿಲ್ಲ. ಹಡಗುಗಳಿಗಾಗಿ 1829ರಲ್ಲಿ ವೆಲ್ಯಾಂಡ್ ಕಾಲುವೆ ತೆರೆದರು. ಆ ದಾರಿಯಲ್ಲಿ ನಿಧಾನಕ್ಕೆ ಎರಡು ಜೀವಿಗಳು ಒಳಗೆ ಬಂದವು. ಒಂದು ಸೀ ಲ್ಯಾಂಪ್ರಿ. ಹಾವಿನ ಹಾಗೆ ಕಾಣುವ, ದವಡೆಯೇ ಇಲ್ಲದ ಮೀನು. ದೊಡ್ಡ ಮೀನಿನ ಮೈಗೆ ಬಾಯಿ ಅಂಟಿಸಿಕೊಂಡು ರಕ್ತ ಹೀರುತ್ತದೆ. ಮನುಷ್ಯರೂ ಮಿತಿ ಇಲ್ಲದೆ ಹಿಡಿಯುತ್ತಿದ್ದರು. ಎರಡೂ ಸೇರಿ 1950ರ ದಶಕದ ಹೊತ್ತಿಗೆ ಲೇಕ್ ಮಿಷಿಗನ್‌ನಲ್ಲಿ ಲೇಕ್ ಟ್ರೌಟ್ ಹೆಚ್ಚುಕಡಿಮೆ ಇಲ್ಲವೇ ಆಯಿತು.

ಇನ್ನೊಂದು ಆಲ್‌ವೈಫ್ ಅನ್ನುವ ಸಣ್ಣ ಬೆಳ್ಳಿ ಮೀನು. ನಿಮ್ಮ ಕರಾವಳಿಯ ಬೂತಾಯಿಗೆ ದೂರದ ನೆಂಟ. ಅದನ್ನು ತಿನ್ನುವ ದೊಡ್ಡ ಮೀನೇ ಇಲ್ಲದ ಮೇಲೆ ಕೇಳಬೇಕೆ? ಸರೋವರವೆಲ್ಲ ಅದೇ ತುಂಬಿಕೊಂಡಿತು. 1967ರ ಬೇಸಿಗೆಯಲ್ಲಿ ಲೇಕ್ ಮಿಷಿಗನ್ ದಡದುದ್ದಕ್ಕೂ ಸತ್ತ ಆಲ್‌ವೈಫ್ ರಾಶಿ ಬಿದ್ದವು. ಷಿಕಾಗೋ ಬೀಚುಗಳಲ್ಲಿ ಬುಲ್‌ಡೋಜರ್ ತಂದು ಎತ್ತಬೇಕಾಯಿತು.

ಅದಕ್ಕೂ ಮೊದಲೇ, ಮಿಷಿಗನ್ ರಾಜ್ಯದ ಮೀನುಗಾರಿಕೆ ವಿಭಾಗದ ಮುಖ್ಯಸ್ಥರಾಗಿದ್ದ ಹೊವರ್ಡ್ ಟ್ಯಾನರ್ ಒಂದು ದಿಟ್ಟ ಕೆಲಸಕ್ಕೆ ಕೈ ಹಾಕಿದ್ದರು. ಆರೆಗಾನ್ ರಾಜ್ಯದಿಂದ ಕೊಹೊ ಸಾಲ್ಮನ್ ಮೊಟ್ಟೆ ತರಿಸಿ, ಮರಿ ಮಾಡಿಸಿ, 1966ರ ವಸಂತದಲ್ಲಿ ಪ್ಲಾಟ್ ನದಿ ಮತ್ತು ಬೇರ್ ಕ್ರೀಕ್‌ಗಳಲ್ಲಿ ಬಿಡಿಸಿದರು. 1967ರಲ್ಲಿ ಚಿನೂಕ್ ಮರಿಗಳನ್ನೂ ಬಿಟ್ಟರು. ಸಾಲ್ಮನ್‌ಗಳಿಗೆ ಬಾಯಿತುಂಬ ಆಲ್‌ವೈಫ್ ಸಿಕ್ಕಿತು, ನೋಡನೋಡುತ್ತಲೇ ಬೆಳೆದವು. ದಡದ ಊರುಗಳಿಗೆ ಜನ ಮುಗಿಬಿದ್ದು ಬಂದರು. ಇವತ್ತಿನ ಚಾರ್ಟರ್ ಬೋಟುಗಳ ಕಸುಬು ಬೆಳೆದದ್ದು ಅಲ್ಲಿಂದ.

ಆ ಗದ್ದಲದಲ್ಲಿ ಒಂದು ದುಃಖದ ದಿನವೂ ಇದೆ. 1967ರ ಸೆಪ್ಟೆಂಬರ್ 23ರಂದು ಪ್ಲಾಟ್ ಕೊಲ್ಲಿಯಲ್ಲಿ ಹಠಾತ್ತನೆ ಬಿರುಗಾಳಿ ಎದ್ದಿತು. ಎಚ್ಚರಿಕೆ ಇದ್ದರೂ ಸಣ್ಣ ಸಣ್ಣ ದೋಣಿಗಳಲ್ಲಿ ಜನ ನೀರಿಗಿಳಿದಿದ್ದರು. ಏಳು ಜನ ತೀರಿಕೊಂಡರು. ಹವಾಮಾನ ಕೇಳದೆ ಹೋಗಬಾರದು ಅಂತ ಈರಿಯವರು ಹೇಳಿದರಲ್ಲ, ಆ ಮಾತು ಈ ಸರೋವರಕ್ಕೂ ಸಲ್ಲುತ್ತದೆ.

ಒಂಟಾರಿಯೊ ಕನ್ನಡತಿ

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ಆದರೆ ಕತೆ ಅಲ್ಲಿಗೆ ನಿಲ್ಲಿಸಿದರೆ ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಹಾಗಾಗಲಿಲ್ಲ.

ಲೇಕ್ ಹ್ಯೂರಾನ್ ನೋಡಿ. ಅಲ್ಲೂ ಸಾಲ್ಮನ್ ಬಿಟ್ಟಿದ್ದರು, ಅಲ್ಲೂ ಚಾರ್ಟರ್ ಬೋಟುಗಳು ತುಂಬಿದ್ದವು. 2003-04ರ ಹೊತ್ತಿಗೆ ಆಲ್‌ವೈಫ್ ಕುಸಿದುಬಿತ್ತು. ಮೇವಿಲ್ಲದೆ ಚಿನೂಕ್ ಕೂಡ ಕುಸಿಯಿತು. ಎಷ್ಟೋ ಬಂದರುಗಳಲ್ಲಿ ಕ್ಯಾಪ್ಟನ್‌ಗಳು ಬೋಟ್ ಮಾರಿ ಹೋದರು. ಸರೋವರದ ತಳದಲ್ಲಿ ಹೊರಗಿನಿಂದ ಬಂದ ಕ್ವಾಗ್ಗಾ ಅನ್ನುವ ಸಣ್ಣ ಚಿಪ್ಪುಜೀವಿಗಳು ಹರಡಿಕೊಂಡಿದ್ದೂ ಒಂದು ಕಾರಣ. ಅವು ನೀರು ಸೋಸಿ ಸೋಸಿ ಸಣ್ಣ ಜೀವಿಗಳ ಆಹಾರವನ್ನೇ ತಿಂದುಹಾಕುತ್ತವೆ. ನೀರು ಈಗ ಗಾಜಿನಂತೆ ತಿಳಿ. ನೋಡಲು ಚೆಂದ, ಆದರೆ ಮೀನಿಗೆ ಅದು ಹಸಿವು.

ಸ್ವಾರಸ್ಯ ಏನೆಂದರೆ, ಆಲ್‌ವೈಫ್ ಹೋದ ಮೇಲೆ ಹ್ಯೂರಾನ್‌ನ ಸ್ಯಾಜಿನಾ ಕೊಲ್ಲಿಯಲ್ಲಿ ವಾಲೈ ತಾನಾಗಿಯೇ ಚೇತರಿಸಿಕೊಂಡಿತು. ಆಲ್‌ವೈಫ್‌ಗಳು ವಾಲೈ ಮರಿಗಳನ್ನು ತಿನ್ನುತ್ತಿದ್ದವು. ಲೇಕ್ ಟ್ರೌಟ್ ಕೂಡ ಮತ್ತೆ ಅಲ್ಲೇ ಮರಿ ಮಾಡಲು ಶುರುಮಾಡಿತು. ಲೇಕ್ ಸುಪೀರಿಯರ್‌ನಲ್ಲಂತೂ ಅದು ತನ್ನ ಕಾಲ ಮೇಲೆ ನಿಂತಿದೆ. ಹೊರಗಿನ ಮೀನಿನ ಮೇಲೆ ಇಷ್ಟು ದುಡ್ಡು ಸುರಿಯುವ ಬದಲು ಇಲ್ಲಿಯದೇ ಮೀನಿಗೆ ಜಾಗ ಕೊಡಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗಂಗೊಳ್ಳಿಯವರೇ, ನೀವು ವಾಲೈಗೇ ಹೋಗಿ. ಅದು ಈ ನೀರಿನ ಮಗು.

ಮಿಲ್ವಾಕಿ ಮೇಷ್ಟ್ರು

ಮೇಡಂ, ನಿಮ್ಮ ಮಾತಿನಲ್ಲಿ ತೂಕ ಇದೆ. ಲೇಕ್ ಮಿಷಿಗನ್‌ನಲ್ಲಿ ಅದೇ ಗತಿ ಆಗಬಾರದು ಅಂತಲೇ 2013ರಲ್ಲಿ ರಾಜ್ಯಗಳೆಲ್ಲ ಸೇರಿ ಚಿನೂಕ್ ಮರಿ ಬಿಡುವುದನ್ನು ಅರ್ಧಕ್ಕೆ ಇಳಿಸಿದವು. ಚಾರ್ಟರ್ ಕ್ಯಾಪ್ಟನ್‌ಗಳಲ್ಲೇ ಅನೇಕರು ಅದಕ್ಕೆ ಒಪ್ಪಿದರು. ಮೇವು ಎಷ್ಟಿದೆಯೋ ಅಷ್ಟೇ ಮೀನು ಇರಲಿ ಅಂತ.

ಆದರೆ ಒಂದು ಮಾತು ಒಪ್ಪಲಾರೆ. ಸಾಲ್ಮನ್ ಈಗ ಬರೀ ಹೊರಗಿನದಲ್ಲ. ಮಿಷಿಗನ್ ಕಡೆಯ ನದಿಗಳಲ್ಲಿ ಅದು ತಾನೇ ಮರಿ ಮಾಡುತ್ತಿದೆ. ಇವತ್ತು ಸರೋವರದಲ್ಲಿ ಹಿಡಿಯುವ ಚಿನೂಕ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಗೆ ನದಿಯಲ್ಲೇ ಹುಟ್ಟಿದವು. ವಾಲೈಯೂ ಮನುಷ್ಯನ ಕಾವಲಿಲ್ಲದೆ ಉಳಿದಿಲ್ಲ. 1970ರಲ್ಲಿ ಈರಿಯ ಮೀನಿನಲ್ಲಿ ಪಾದರಸ ಕಂಡು ವಾಲೈ ಹಿಡಿದು ಮಾರುವುದನ್ನೇ ನಿಲ್ಲಿಸಬೇಕಾಯಿತು. 1972ರಲ್ಲಿ ಅಮೆರಿಕ, ಕೆನಡಾ ಸೇರಿ ನೀರಿನ ಗುಣಮಟ್ಟದ ಒಪ್ಪಂದ ಮಾಡಿಕೊಂಡವು. ಆಮೇಲೆ ತಾನೇ ಅದು ಎದ್ದು ನಿಂತದ್ದು?

ಲ್ಯಾಂಪ್ರಿಯ ವಿಷಯವೂ ಹಾಗೇ. 1958ರಿಂದ ಹೊಳೆಗಳಿಗೆ ಒಂದು ವಿಶೇಷ ಔಷಧಿ ಬಿಟ್ಟು ಅದರ ಮರಿಗಳನ್ನು ಕೊಲ್ಲುತ್ತಿದ್ದಾರೆ. ಕೊರೊನಾ ಸಮಯದಲ್ಲಿ, 2020-21ರಲ್ಲಿ, ಆ ಕೆಲಸ ಕಡಿಮೆಯಾಯಿತು. ಸ್ವಲ್ಪ ಬಿಡುವು ಸಿಕ್ಕಿದ್ದೇ ಲ್ಯಾಂಪ್ರಿ ಮತ್ತೆ ಜಾಸ್ತಿಯಾಯಿತು. ವಾಲೈ ಇರಲಿ, ಸಾಲ್ಮನ್ ಇರಲಿ, ದಿನಾ ಕಾಯುವವರು ಇರುವುದರಿಂದಲೇ ನಮ್ಮ ಗಾಳಕ್ಕೆ ಸಿಗುತ್ತಿದೆ. ಲೈಸೆನ್ಸ್ ದುಡ್ಡು ಹೋಗುವುದೂ ಇಂಥ ಕೆಲಸಕ್ಕೇ. ಯಾರೂ ಅದನ್ನು ತಪ್ಪಿಸಬೇಡಿ.

ಈರಿ ದಡದವಳು

ಲೈಸೆನ್ಸ್ ಮಾತು ಬಂತಲ್ಲ, ಅದನ್ನು ಹೇಳಿಬಿಡುತ್ತೇನೆ. ಚಾರ್ಟರ್ ಬೋಟ್ ಆದರೂ ಮೀನು ಹಿಡಿಯುವ ಪ್ರತಿಯೊಬ್ಬರಿಗೂ ಲೈಸೆನ್ಸ್ ಬೇಕು. ಒಹಾಯೊದಲ್ಲಿ 16 ತುಂಬದವರಿಗೆ ಬೇಡ, ಮಿಷಿಗನ್‌ನಲ್ಲಿ 17 ತುಂಬದವರಿಗೆ ಬೇಡ. ಒಂದು ದಿನದ ಲೈಸೆನ್ಸ್ ಎರಡೂ ಕಡೆ ಸಿಗುತ್ತದೆ. ವಿಸ್ಕಾನ್ಸಿನ್‌ನಲ್ಲಿ ಸಾಲ್ಮನ್ ಹಿಡಿಯಬೇಕಾದರೆ ಬೇರೆ ಸ್ಟ್ಯಾಂಪ್ (ಲೈಸೆನ್ಸ್ ಜೊತೆಗಿನ ಹೆಚ್ಚುವರಿ ಪರವಾನಗಿ) ಕೂಡ ಬೇಕು. ಅಪ್ಪ ಅಮ್ಮನ ಪಾಸ್‌ಪೋರ್ಟ್ ತೆಗೆದುಕೊಂಡು ಬಂದರಿನ ಹತ್ತಿರದ ಬೇಟ್ ಅಂಗಡಿಗೆ (ಗಾಳದ ಮೇವು ಮಾರುವ ಅಂಗಡಿ) ಹೋಗಿ, ಹಿಂದಿನ ದಿನವೇ ಮಾಡಿಸಿಕೊಳ್ಳಿ.

ಈರಿಯ ನಡುವೆ ಕೆನಡಾ ಗಡಿ ಇದೆ. ಆ ಕಡೆ ಗಾಳ ಹಾಕಲು ಒಂಟಾರಿಯೊ ಲೈಸೆನ್ಸ್ ಬೇಕು. ವೀಸಾದಲ್ಲಿ ಬಂದ ಹಿರಿಯರು ಜೊತೆಗಿದ್ದಾರೆ, ಅಮೆರಿಕದ ನೀರಿನಲ್ಲೇ ಇರೋಣ ಅಂತ ಕ್ಯಾಪ್ಟನ್‌ಗೆ ಮೊದಲೇ ಹೇಳಿಬಿಡಿ.

ಮಿತಿ: ಒಹಾಯೊದಲ್ಲಿ ಒಬ್ಬರಿಗೆ ದಿನಕ್ಕೆ 6 ವಾಲೈ, ಕನಿಷ್ಠ 15 ಇಂಚು ಉದ್ದ. ನಿಯಮ ಪ್ರತಿ ವರ್ಷ ನೋಡುತ್ತಿರಬೇಕು. ಐದು ಜನಕ್ಕೆ ಮೂವತ್ತು ಮೀನು ಹಿಡಿಯಲೇಬೇಕು ಅಂತ ಏನೂ ಇಲ್ಲ. ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಕೊಳೆಸುವುದಕ್ಕಿಂತ ಬೇಕಾದಷ್ಟು ಸಿಕ್ಕಮೇಲೆ ಸಾಕು ಅನ್ನಿ.

ಒಂಟಾರಿಯೊ ಕನ್ನಡತಿ

ಇದಕ್ಕೆ ನೂರಕ್ಕೆ ನೂರು ಒಪ್ಪಿಗೆ. ನಿಮ್ಮ ಅಪ್ಪಯ್ಯನವರಿಗೆ ಇದು ಬೇಗ ಅರ್ಥವಾಗುತ್ತದೆ ನೋಡಿ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಬಿಟ್ಟುಕೊಡುವುದು ಅಂದರೆ ಏನು ಅಂತ ಅವರು ಹೊಟ್ಟೆ ಕಟ್ಟಿ ತಿಳಿದವರು.

ಕೊಲಂಬಸ್ ವಿದ್ಯಾರ್ಥಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಡೀ ಬೋಟ್ ಬಾಡಿಗೆ ನಮ್ಮಂಥ ವಿದ್ಯಾರ್ಥಿಗಳಿಗೆ ಆಗುವುದಿಲ್ಲ. ಬೇರೆ ದಾರಿ ಇದೆಯಾ?

ಈರಿ ದಡದವಳು

ಇದೆ ತಮ್ಮಾ. ಹೆಡ್ ಬೋಟ್ ಅಂತ ಕೇಳು. ದೊಡ್ಡ ಬೋಟು, ತಲೆಗೆ ಇಷ್ಟು ಅಂತ ಟಿಕೆಟ್, ಅಪರಿಚಿತರ ಜೊತೆ ಹೋಗುವುದು. ಗಾಳದ ಕೋಲು ಬಾಡಿಗೆಗೆ ಸಿಗುತ್ತದೆ. ಇಲ್ಲವೇ ಆರು ಜನ ಗೆಳೆಯರು ಸೇರಿ ಚಾರ್ಟರ್ ಮಾಡಿ. ಸಾಮಾನ್ಯ ಚಾರ್ಟರ್ ಕ್ಯಾಪ್ಟನ್ ಕೋಸ್ಟ್ ಗಾರ್ಡ್ ಲೈಸೆನ್ಸ್ ಪ್ರಕಾರ ಆರು ಪ್ರಯಾಣಿಕರವರೆಗೆ ಕರೆದೊಯ್ಯಬಹುದು, ಬಾಡಿಗೆ ಸಾಮಾನ್ಯವಾಗಿ ಬೋಟಿಗೆ, ತಲೆಗಲ್ಲ. ಸಹಾಯಕನಿಗೆ ಟಿಪ್ಸ್ ಎತ್ತಿಡಲು ಮರೆಯಬೇಡಿ. ಬಾಡಿಗೆಯ ಶೇಕಡ 15ರಿಂದ 20 ಕೊಡುವುದು ರೂಢಿ. ಬಿಸಿಲಲ್ಲಿ ಮೀನು ಕೊಯ್ದು ಕೊಡುವ ಹುಡುಗರ ದುಡಿಮೆ ಅದು.

ಗಂಗೊಳ್ಳಿ ಹುಡುಗ

ಇಷ್ಟು ಪ್ರೀತಿಯಿಂದ ಹೇಳುತ್ತಿದ್ದೀರಿ, ಖುಷಿಯಾಯಿತು. ನಿನ್ನೆ ಅಪ್ಪಯ್ಯನಿಗೆ ಫೋನ್ ಮಾಡಿ ಎರಡೂ ಬಗೆ ವಿವರಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಗಾಳ ಹಾಕುವುದು ಯಾರು?" ಸಹಾಯಕ ಹಾಕುತ್ತಾನೆ, ಮೀನು ಕಚ್ಚಿದ ಮೇಲೆ ಕೋಲು ನಮ್ಮ ಕೈಗೆ ಕೊಡುತ್ತಾನೆ ಅಂದೆ. "ಹಾಗಾದರೆ ನಾನು ಕೂತು ಏನು ಮಾಡುವುದು?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಲಡಿಂಗ್ಟನ್ ಬೆಳಗು

ಅವರ ಪ್ರಶ್ನೆ ಸರಿಯಾಗಿದೆ. ಸಾಲ್ಮನ್ ಬೋಟಿನಲ್ಲಿ ಅದೇ ಪದ್ಧತಿ. ಹತ್ತು ಹನ್ನೆರಡು ದಾರ ಒಟ್ಟಿಗೆ ನೀರಿನಲ್ಲಿದ್ದರೆ ಒಂದಕ್ಕೊಂದು ಸುತ್ತಿಕೊಳ್ಳದಂತೆ ನೋಡುವುದು ಅನುಭವಿಗಳ ಕೆಲಸ. ಹೊಸಬರು ಕೈ ಹಾಕಿದರೆ ಕೆಲಸ ಕೆಡುತ್ತದೆ. ಅದನ್ನು ಆನಂದಿಸುವವರು ತುಂಬಾ ಜನ ಇದ್ದಾರೆ, ನಾನೂ ಒಬ್ಬ. ಆದರೆ ನಿಮ್ಮ ಅಪ್ಪಯ್ಯನಿಗೆ ಅದು ಸೇರುವುದಿಲ್ಲ ಅನಿಸುತ್ತದೆ. ಸಾಲ್ಮನ್ ಪರ ಇದ್ದ ನಾನೇ ಈಗ ಈರಿ ಅನ್ನುತ್ತೇನೆ.

ಈರಿ ದಡದವಳು

ಈರಿಯಲ್ಲೂ ಈಗ ಹೆಚ್ಚಿನವರು ಗಾಳ ಎಳೆದುಕೊಂಡೇ ಹೋಗುವುದು. ಹಾಗಾಗಿ ಬುಕ್ ಮಾಡುವಾಗ ಬಾಯಿಬಿಟ್ಟು ಕೇಳಬೇಕು: "ಡ್ರಿಫ್ಟ್ ಮಾಡಿ ಕಾಸ್ಟಿಂಗ್ ಮಾಡಿಸುತ್ತೀರಾ?" ಇದು ಇಲ್ಲಿನ ಹಳೆಯ ಪದ್ಧತಿ. ಇಂಜಿನ್ ಆರಿಸಿ ಬೋಟನ್ನು ಗಾಳಿಗೆ ತೇಲಲು ಬಿಡುತ್ತಾರೆ. ಪ್ರತಿಯೊಬ್ಬರ ಕೈಯಲ್ಲೂ ಒಂದು ಕೋಲು. ಮುಂದೆ ಸೀಸದ ತೂಕ, ಹಿಂದೆ ಫಳಫಳ ತಿರುಗುವ ತಗಡಿನ ಎಲೆ, ಗಾಳಕ್ಕೆ ಎರೆಹುಳು. ಎಸೆದು, ಅದು ಮುಳುಗುವಾಗ ಮನಸ್ಸಿನಲ್ಲೇ ಎಣಿಸಬೇಕು. ಯಾವ ಎಣಿಕೆಗೆ ಮೀನು ಕಚ್ಚಿತೋ ಆ ಆಳದಲ್ಲಿ ಮೀನಿದೆ ಅಂತ ಅರ್ಥ. ಮತ್ತೆ ಅಷ್ಟೇ ಎಣಿಸಿ ಎಳೆಯುವುದು. ವಾಲೈ ಜೋರಾಗಿ ಎಳೆಯುವುದಿಲ್ಲ, ದಾರ ಸ್ವಲ್ಪ ಭಾರವಾದ ಹಾಗೆ ಆಗುತ್ತದೆ ಅಷ್ಟೇ. ಅದನ್ನು ಬೆರಳಿನಲ್ಲಿ ಹಿಡಿಯುವುದೇ ಕೈಚಳಕ. ನಿಮ್ಮ ಅಪ್ಪಯ್ಯ ಅರ್ಧ ಗಂಟೆಯಲ್ಲಿ ಕಲಿತು ಮಗುವಿಗೂ ಕಲಿಸುತ್ತಾರೆ.

ಕೂರಲು ಒರಗುವ ಸೀಟ್ ಇದೆಯಾ, ಶೌಚಾಲಯ ಇದೆಯಾ, ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯಾ, ಈ ಮೂರನ್ನೂ ಕೇಳಿ. ಮಗು ದಿನಪೂರ್ತಿ ಜಾಕೆಟ್ ಹಾಕಿಕೊಂಡೇ ಇರಲಿ. ವಾಂತಿಯ ಮಾತ್ರೆ ಹಿಂದಿನ ರಾತ್ರಿಯೇ ಬೇಕಾಗಬಹುದು, ಅದನ್ನು ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ಆಗಸ್ಟ್‌ಗೆ ತಳ್ಳಬೇಡಿ. ಪಶ್ಚಿಮ ಈರಿಯಲ್ಲಿ ಬೇಸಿಗೆಯ ಕೊನೆಗೆ ಹಸಿರು ಪಾಚಿ ಏಳುತ್ತದೆ. 2014ರ ಆಗಸ್ಟ್‌ನಲ್ಲಿ ಅದರ ವಿಷದಿಂದ ಟೊಲೀಡೊ ಸುತ್ತಮುತ್ತ ಸುಮಾರು 5 ಲಕ್ಷ ಜನಕ್ಕೆ ನಲ್ಲಿ ನೀರು ಕುಡಿಯಬೇಡಿ ಅಂದಿದ್ದರು. ಹೊಲಗಳ ರಂಜಕ ಮೌಮಿ ನದಿಯಲ್ಲಿ ಹರಿದು ಬರುವುದು ಅದರ ದೊಡ್ಡ ಕಾರಣ. ಜುಲೈ ಮೊದಲ ವಾರ ಒಳ್ಳೆಯದು.

ಗಂಗೊಳ್ಳಿ ಹುಡುಗ

ಕಾಸ್ಟಿಂಗ್ ಮಾಡಿಸುವ ಒಬ್ಬ ಕ್ಯಾಪ್ಟನ್ ಸಿಕ್ಕಿದರು. ಜುಲೈ ಮೊದಲ ವಾರಕ್ಕೇ ಬುಕ್ ಮಾಡಿದೆ. ಇನ್ನು ಅಮ್ಮನ ಪ್ರಶ್ನೆ ಉಳಿದಿದೆ. ತಲೆ ಕೊಡುತ್ತಾರಾ, ಸಾರಿಗೆ?

ಈರಿ ದಡದವಳು

ಕೇಳಿದರೆ ಕೊಡುತ್ತಾರೆ. ಇಲ್ಲಿ ಬರೀ ಹೋಳು ತೆಗೆದು ಉಳಿದದ್ದನ್ನು ಎಸೆಯುತ್ತಾರೆ. ವಾಲೈ ಕೆನ್ನೆಯ ತುಣುಕು ಬಹಳ ರುಚಿ, ಬಲ್ಲವರು ಅದನ್ನು ಬಿಡುವುದಿಲ್ಲ. ಮಾಂಸ ಬಿಳಿ, ಎಣ್ಣೆ ಕಡಿಮೆ, ವಾಸನೆ ಇಲ್ಲ. ಬ್ಯಾಡಗಿ ಮೆಣಸು, ಹುಣಸೆ, ಅರಿಶಿನ ಅರೆದು ಹಚ್ಚಿ, ರವೆಯಲ್ಲಿ ಹೊರಳಿಸಿ ಕಾಣೆ ಫ್ರೈ ಮಾಡಿದ ಹಾಗೇ ಮಾಡಿ. ಅಮ್ಮನಿಗೆ ಖಂಡಿತಾ ಇಷ್ಟವಾಗುತ್ತದೆ.

ಎಷ್ಟು ತಿನ್ನಬಹುದು ಅನ್ನುವುದನ್ನು ಮಾತ್ರ ರಾಜ್ಯದವರ ಪಟ್ಟಿ ನೋಡಿಯೇ ತಿಳಿಯಿರಿ. ಈರಿ ವಾಲೈಗೆ ಒಹಾಯೊದ ಸಲಹೆ ವಾರಕ್ಕೆ ಒಂದು ಊಟ. ಪಾದರಸ ಮಾಂಸದಲ್ಲೇ ಇರುತ್ತದೆ, ಕತ್ತರಿಸಿ ತೆಗೆಯಲಾಗದು. ಬಸುರಿಯರು, ಸಣ್ಣ ಮಕ್ಕಳು ಇನ್ನೂ ಜೋಪಾನ.

ಲಡಿಂಗ್ಟನ್ ಬೆಳಗು

ಸಾಲ್ಮನ್ ತಂದರೆ ಇದನ್ನು ನೆನಪಿಡಿ. ಪಿಸಿಬಿ ಅನ್ನುವ ಹಳೆಯ ಕಾರ್ಖಾನೆ ರಾಸಾಯನಿಕ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಚರ್ಮ, ಹೊಟ್ಟೆಯ ಮತ್ತು ಬೆನ್ನಿನ ಕೊಬ್ಬು, ಪಕ್ಕದ ಕಪ್ಪು ಪಟ್ಟಿ ತೆಗೆದುಹಾಕಿ, ಕೊಬ್ಬು ಸೋರಿಹೋಗುವಂತೆ ಸುಟ್ಟು ಬೇಯಿಸಿ. ದೊಡ್ಡ ಸಾಲ್ಮನ್ ತಲೆಯ ಸಾರು ಬೇಡ ಅಂತ ಅಮ್ಮನಿಗೆ ಹೇಳಿ.

ಆಗಸ್ಟ್‌ನಲ್ಲಿ ನೀವೊಬ್ಬರೇ ಈ ಕಡೆ ಬರುವುದಾದರೆ ತಿಳಿಸಿ. ಉತ್ತರದ ಗಾಳಿ ಒಂದೆರಡು ದಿನ ಬೀಸಿದರೆ ಮಿಷಿಗನ್ ದಡದ ಬೆಚ್ಚನೆಯ ಮೇಲ್ನೀರು ಆಚೆ ಹೋಗಿ, ಕೆಳಗಿನ ತಣ್ಣೀರು ದಡದ ಹತ್ತಿರಕ್ಕೆ ಏಳುತ್ತದೆ. ಕಿಂಗ್‌ಗಳೂ ಅದರ ಹಿಂದೆಯೇ ಬರುತ್ತವೆ. ಗಾಳಿ ತಗ್ಗಿದ ಮರುದಿನಕ್ಕೆ ಒಂದು ಸೀಟ್ ನೋಡಿ ಇಡುತ್ತೇನೆ.